ಅಜ್ಜಿ ಕೇಳ್ಯಾಳ್ರಿ

ನಾನು ಮೇಷ್ಟರಾಗಿ ಮೊದಲ ಪಾಠ ಮಾಡಿದ ದಿನ ತರಗತಿಯಲ್ಲಿ ಇಪ್ಪತ್ತೆಂಟು ಹುಡುಗರಿದ್ದರು, ಒಬ್ಬಳು ಹುಡುಗಿ ಇದ್ದಳು. ಬಾಗಿಲ ಹೊರಗೆ, ಪಡಸಾಲೆಯಲ್ಲಿ, ಜಮಖಾನದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಒಬ್ಬ ಮುದುಕಿಯೂ ಇದ್ದಳು. ಹುಡುಗರ ಬಗ್ಗೆ ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ಹುಡುಗಿಯ ಬಗ್ಗೆಯೂ ಹೇಳಿದ್ದರು. ಮುದುಕಿಯ ವಿಷಯ ಹೇಳಲು ಮರೆತಿದ್ದರು.

ಅದು ಹೊಸಪೇಟೆಯ ಹೈಸ್ಕೂಲು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಮ್ಮ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನನಗೆ ಇಪ್ಪತ್ತೆರಡು ವರ್ಷ. ಹುಟ್ಟಿದ್ದು ಕಂಪ್ಲಿಯಲ್ಲಿ, ಹೈಸ್ಕೂಲು ಓದಿದ್ದು ಬಳ್ಳಾರಿಯಲ್ಲಿ, ಬಿ.ಎ. ಮತ್ತು ಮೇಷ್ಟರ ತರಬೇತಿಯ ಎಲ್.ಟಿ. ಮಾಡಿದ್ದು ಮದ್ರಾಸಿನಲ್ಲಿ. ವಿಜ್ಞಾನದ ಮೇಷ್ಟರೊಬ್ಬರು ದಸರಾ ರಜೆಗೆ ನಿವೃತ್ತರಾದರು. ಅವರ ಜಾಗಕ್ಕೆ ನನ್ನನ್ನು ತೆಗೆದುಕೊಂಡರು.

ಹೆಡ್‌ಮಾಸ್ಟರು ತಂಜಾವೂರಿನ ಕಡೆಯವರು. ಬಿಳಿ ಪಂಚೆ, ಮುಚ್ಚುಕೋಟು, ಪೇಟ. ಮೆಲ್ಲಗೆ ಮಾತಾಡುವ ಮನುಷ್ಯ. ನನ್ನನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: ಹೈಸ್ಕೂಲಿನ ಮೊದಲ ತರಗತಿ, ನಾಲ್ಕನೆಯ ಫಾರಂಗೆ ವಿಜ್ಞಾನ, ಗಣಿತಗಳನ್ನು ಇನ್ನು ಮುಂದೆ ಕನ್ನಡದಲ್ಲೇ ಹೇಳಬೇಕು ಅಂತ ಸರ್ಕಾರದ ಆರ್ಡರು ಬಂದಿದೆ. ಹಿಂದಿನವರು ವಯಸ್ಸಾದವರು, ಅವರನ್ನು ನಾನು ಒತ್ತಾಯಿಸಲಿಲ್ಲ. ನೀವು ಇಲ್ಲಿಯವರೇ, ನಿಮಗೇನು ಕಷ್ಟವಿಲ್ಲ.

ಕಷ್ಟವಿಲ್ಲ ಸರ್ ಎಂದೆ. ಹೊರಗೆ ಬಂದ ಮೇಲೆ ಕಷ್ಟ ಎಷ್ಟೆಂದು ತಿಳಿಯಿತು. ಒಂದು ವಸ್ತು ನೀರಿನಲ್ಲಿ ಏಕೆ ತೇಲುತ್ತದೆ, ಏಕೆ ಮುಳುಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕನ್ನಡದಲ್ಲಿ ಅದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಮನೆಯ ಮಾತು ಬೇರೆ, ಓದಿನ ಮಾತು ಬೇರೆ ಎಂದು ಬೆಳೆದವನು ನಾನು. ಸ್ಟೇಷನ್ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, ಯಾರೋ ಪಂಡಿತರು ಮಾಡಿದ್ದ ಪದಪಟ್ಟಿಯೊಂದನ್ನು ಸಂಪಾದಿಸಿಕೊಂಡು, ಬೆಳಗಿನ ಹೊತ್ತು ಎರಡು ಗಂಟೆ ಗಿಣಿಪಾಠ ಮಾಡಿದೆ. ಸಾಂದ್ರತೆ, ಘನಫಲ, ವಿಶಿಷ್ಟ ಗುರುತ್ವ, ಉತ್ಪ್ಲವನ. ಆ ಕಡೆಯ ಶಬ್ದವನ್ನು ತಪ್ಪಿಲ್ಲದೆ ಹೇಳುವುದಕ್ಕೇ ನನಗೆ ಹತ್ತು ಸಲ ಬೇಕಾಯಿತು.

ಮೊದಲ ಪಾಠ ಮುಕ್ಕಾಲು ಗಂಟೆ. ನಾನು ಬೋರ್ಡಿನ ಕಡೆ ಮುಖ ಮಾಡಿ, ಕಲಿತದ್ದನ್ನೆಲ್ಲ ಒಪ್ಪಿಸಿದೆ. ಹಿಂದೆ ತಿರುಗಿದಾಗ ಇಪ್ಪತ್ತೆಂಟು ಹುಡುಗರೂ ಕೈಕಟ್ಟಿ ಕುಳಿತಿದ್ದರು. ಅವರ ಮುಖದಲ್ಲಿ ದೇವಸ್ಥಾನದಲ್ಲಿ ಮಂಗಳಾರತಿಗೆ ಕಾಯುವವರ ತಾಳ್ಮೆ ಇತ್ತು. ಹುಡುಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕುಳಿತು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಹೊರಗೆ ಮುದುಕಿಯ ಮೊರ ನಿಂತಿತ್ತು.

"ಮೇಷ್ಟ್ರೆ," ಎಂದಳು ಮುದುಕಿ, ಕೂತಲ್ಲಿಂದಲೇ. "ತಪ್ಪು ತಿಳಕೋಬ್ಯಾಡ್ರಿ. ಒಂದು ಮಾತು ಕೇಳ್ಲೇನು?"

ಕೇಳಿ ಎಂದೆ.

"ನಾಕು ತಿಂಗಳಿಂದ ಇಲ್ಲಿ ಕುಂದ್ರಾಕತ್ತೀನಿ. ಹಿಂದಿನ ಮೇಷ್ಟ್ರು ಇಂಗ್ಲೀಷಿನ್ಯಾಗ ಹೇಳ್ತಿದ್ರು, ನನಗೇನು ತಿಳೀತಿರಲಿಲ್ಲ. ನೀವು ಕನ್ನಡದಾಗ ಹೇಳ್ತೀರಿ ಅಂತ ಹುಡುಗಿ ಹೇಳಿದ್ಲು. ಇವತ್ತು ಕಿವಿಗೊಟ್ಟು ಕೇಳಿದೆ. ನಡುನಡುವ ನೀರು ನೀರು ಅಂದಿದ್ದು ಒಂದು ತಿಳೀತು. ಉಳಿದದ್ದು ಏನು ಮಂತ್ರ ಏನ್ರಿ?"

ಹುಡುಗರು ನಗಲಿಲ್ಲ. ನಗಬಹುದೋ ಬಾರದೋ ಎಂದು ನನ್ನ ಮುಖ ನೋಡಿದರು. ಹುಡುಗಿಯ ಕಿವಿ ಕೆಂಪಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಹಣೆ ಮುಟ್ಟಿಕೊಂಡು, ಅಯ್ಯೋ, ಅದನ್ನು ಹೇಳಬೇಕಿತ್ತು ಎಂದರು. ಹುಡುಗಿಯ ತಂದೆ ಊರಿನ ಅಕ್ಕಿ ಗಿರಣಿಯ ಮಾಲೀಕರು. ತಲೆತಲಾಂತರದಿಂದ ಇಲ್ಲೇ ಇರುವ ಶಿವಭಕ್ತ ಮನೆತನ. ಹುಡುಗಿಯನ್ನು ಹೈಸ್ಕೂಲಿಗೆ ಕಳಿಸಲು ಒಪ್ಪಿದ್ದೇ ಅಜ್ಜಿ ಜೊತೆಗೆ ಬಂದು ಕೂರುವುದಾದರೆ ಎಂಬ ಮಾತಿನ ಮೇಲೆ. ಅಜ್ಜಿ ಬೆಳಗ್ಗೆ ಮೊಮ್ಮಗಳ ಜೊತೆ ಬರುತ್ತಾಳೆ, ಸಂಜೆ ಮೊಮ್ಮಗಳ ಜೊತೆ ಹೋಗುತ್ತಾಳೆ. "ನಾಲ್ಕು ತಿಂಗಳಲ್ಲಿ ಆಕೆ ಒಂದು ಮಾತೂ ಆಡಿರಲಿಲ್ಲವಲ್ಲ," ಎಂದು ಅವರು ಆಶ್ಚರ್ಯಪಟ್ಟರು. "ಏನೆಂದಳು?"

ನಾನು ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, ನನಗೆ ನಿಮ್ಮ ಭಾಷೆ ಅಷ್ಟಕ್ಕಷ್ಟೇ, ಆದರೆ ಆಕೆಯ ಮಾತಿನಲ್ಲಿ ಏನೋ ಇದೆ, ನೋಡಿ ಎಂದರು.

ಆ ವಾರ ಐತವಾರ ಕಂಪ್ಲಿಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತ, ಏನು ಪಾಠ ಹೇಳ್ತೀಯಪ್ಪ ನೀನು, ನನಗಷ್ಟು ಹೇಳು ಎಂದಳು. ಹೇಳಲು ಹೋದೆ. ಪದಪಟ್ಟಿಯ ಶಬ್ದಗಳು ಅವ್ವನ ಎದುರು ಬಾಯಿಗೆ ಬರಲಿಲ್ಲ. ಹೊಲದಿಂದ ಬಂದ ಭತ್ತ ಮನೆಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೋರಿಸಿ, ಬೀಜದ ಭತ್ತ ನೀರಿಗೆ ಹಾಕಿದಾಗ ಜೊಳ್ಳು ಮ್ಯಾಲೆ ಬರ್ತದಲ್ಲ, ಅದು ಯಾಕ ಅನ್ನೋದೇ ಪಾಠ ಎಂದೆ. ಅವ್ವ ರೊಟ್ಟಿ ತಿರುವಿ ಹಾಕಿ, "ಅದನ್ನ ಹೇಳಾಕ ಮದ್ರಾಸಿಗೆ ಹೋಗಿ ಕಲೀಬೇಕೇನು," ಎಂದಳು. ಬೇಸರದಿಂದ ಅಂದದ್ದಲ್ಲ, ನಿಜವಾಗಿ ಕೇಳಿದಳು.

ಸೋಮವಾರ ಒಂದು ಸೇರು ಭತ್ತವನ್ನು ಚೀಲದಲ್ಲಿ ಕಟ್ಟಿಕೊಂಡು ಶಾಲೆಗೆ ಬಂದೆ. ಜವಾನನಿಂದ ಬಕೆಟ್ಟಿನಲ್ಲಿ ನೀರು ತರಿಸಿ ಮೇಜಿನ ಮೇಲೆ ಇಡಿಸಿದೆ. ಮೇಜನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡೆ. ಅದು ಅಜ್ಜಿಗೂ ಕಾಣಲಿ ಎಂದು ಎಳೆದದ್ದು. ಹಾಗೆಂದು ಆಗ ನನ್ನಲ್ಲೇ ಒಪ್ಪಿಕೊಂಡಿರಲಿಲ್ಲ, ಬೆಳಕು ಚೆನ್ನಾಗಿದೆ ಎಂದು ಹುಡುಗರಿಗೆ ಹೇಳಿದೆ.

ಭತ್ತ ಸುರಿದೆ. ಗಟ್ಟಿಕಾಳು ಕೆಳಗೆ ಹೋಯಿತು, ಜೊಳ್ಳು ಮೇಲೆ ಬಂತು. ಎರಡೂ ಒಂದೇ ಅಳತೆ, ಎರಡೂ ಒಂದೇ ಬಣ್ಣ, ಒಂದು ಯಾಕೆ ಮುಳುಗಿತು, ಒಂದು ಯಾಕೆ ತೇಲಿತು ಎಂದು ಕೇಳಿದೆ. ಎಮ್ಮಿಗನೂರಿನಿಂದ ಬಂದು ಊರಲ್ಲಿ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ದೊಡ್ಡ ಹುಡುಗ, ಅಲ್ಲಿಯವರೆಗೆ ಬಾಯಿ ಬಿಡದವನು, ಎದ್ದು ನಿಂತು, "ಜೊಳ್ಳಿನ್ಯಾಗ ಒಳಗೇನೂ ಇರಲ್ರಿ, ಬರೇ ಗಾಳಿ," ಎಂದ. ಇನ್ನೊಬ್ಬ, ಇಲಿ ತಿಂದ ಕಾಳೂ ತೇಲ್ತದ್ರಿ ಎಂದ. ಮೂರನೆಯವನು, ನಮ್ಮಪ್ಪ ನೀರಿಗೆ ಉಪ್ಪು ಹಾಕ್ತಾನ್ರಿ, ಆಗ ಅರೆಗಟ್ಟಿ ಕಾಳೂ ಮ್ಯಾಲೆ ಬರ್ತಾವ ಎಂದ. ಐದು ನಿಮಿಷದಲ್ಲಿ ತರಗತಿ ಸಂತೆಯಾಯಿತು. ನಾನು ಅವರು ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಎಲ್ಲ ಮುಗಿದ ಮೇಲೆ, ಇಷ್ಟು ಜಾಗದಲ್ಲಿ ಎಷ್ಟು ತೂಕ ತುಂಬಿದೆ ಅನ್ನುವುದಕ್ಕೆ ಪುಸ್ತಕದವರು ಸಾಂದ್ರತೆ ಅನ್ನುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ ಎಂದೆ. ಆಗ ಆ ಶಬ್ದಕ್ಕೆ ಕೂರಲು ಒಂದು ಜಾಗ ಸಿಕ್ಕಿತ್ತು.

ಅಜ್ಜಿ ಮೊರ ಪಕ್ಕಕ್ಕಿಟ್ಟು ಬಾಗಿಲ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಗಂಟೆ ಹೊಡೆದು ನಾನು ಹೊರಗೆ ಬರುವಾಗ, "ನೀರು ಚೆಲ್ಲಬ್ಯಾಡ್ರಿ, ಆ ಭತ್ತ ನನಗ ಕೊಡ್ರಿ, ಒಣಗಿಸಿ ತರ್ತೀನಿ," ಎಂದಳು. ಮಾರನೆಯ ದಿನ ಒಣಗಿಸಿ, ಜೊಳ್ಳು ಬೇರೆ ಗಟ್ಟಿ ಬೇರೆ ಎರಡು ಗಂಟು ಕಟ್ಟಿ ತಂದುಕೊಟ್ಟಳು.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬಿಸಿಯಾದ ಕಬ್ಬಿಣ ಹಿಗ್ಗುತ್ತದೆ ಎಂದು ಹೇಳಲು ಹುಡುಗರನ್ನು ಬಂಡಿ ಮಾಡುವವರ ಓಣಿಗೆ ಕರೆದುಕೊಂಡು ಹೋದೆ. ಅಲ್ಲಿ ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ಕೂರಿಸಿ ನೀರು ಹೊಯ್ದು ಬಿಗಿ ಮಾಡುತ್ತಿದ್ದರು. ಮಣ್ಣಿನ ಗಡಿಗೆಯ ನೀರು ಏಕೆ ತಂಪು, ಹಿತ್ತಾಳೆ ಕೊಡದ ನೀರು ಏಕಲ್ಲ ಎಂದು ಒಂದಿಡೀ ಪಾಠ ನಡೆಯಿತು. ಪ್ರತಿ ಪಾಠಕ್ಕೂ ಮೊದಲು ನಾನು ಮನಸ್ಸಿನಲ್ಲೇ ಒಂದು ಸಲ ಅಜ್ಜಿಗೆ ಹೇಳಿ ನೋಡುತ್ತಿದ್ದೆ. ಆಕೆಗೆ ತಿಳಿಯುವಂತೆ ಹೇಳಲು ಬಂದರೆ ಪಾಠ ಸಿದ್ಧವಾಯಿತು ಎಂದು ಲೆಕ್ಕ. ಪಾಠದ ನಡುವೆ ನನ್ನ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಆಕೆಯ ಕೈ ಅಕ್ಕಿಯಲ್ಲಿ ಆಡುತ್ತಿದ್ದರೆ ನಾನು ತಪ್ಪುತ್ತಿದ್ದೇನೆ ಎಂದರ್ಥ. ಕೈ ನಿಂತರೆ ಸರಿ.

ಒಂದು ದಿನ ಕೇಳಿದೆ, ಅಜ್ಜಿ, ಮೊಮ್ಮಗಳು ಓದಲಿ ಅಂತ ನಿಮಗೆ ಯಾಕೆ ಇಷ್ಟು ಆಸೆ? ದೊಡ್ಡ ಕಾರಣವೇನೋ ಹೇಳುತ್ತಾಳೆ ಎಂದು ಎದುರು ನೋಡಿದ್ದೆ.

"ಮನ್ಯಾಗ ಮೂರು ಮಂದಿ ಸೊಸ್ತೇರು ಅದಾರ," ಎಂದಳು. "ನನಗ ಒಂದು ಕೆಲಸ ಮಾಡಗೊಡಲ್ಲ. ಕುಂತು ಕುಂತು ಬ್ಯಾಸರಾಗಿತ್ತು. ಮಗ ಅಂದ, ಸಾಲಿಗೆ ಯಾರು ಕರಕೊಂಡು ಹೋಗ್ಬೇಕು ಅಂತ. ನಾ ಹೋಗ್ತೀನಿ ಬಿಡು ಅಂದೆ. ಇಲ್ಲಿ ನೆಳ್ಳು ಚಲೋ ಐತಿ, ಮಂದಿ ಮುಖ ಕಾಣ್ತಾವ."

ಹುಡುಗಿಯ ಬಗ್ಗೆ ನಾನು ಆ ದಿನಗಳಲ್ಲಿ ಹೆಚ್ಚು ಯೋಚಿಸಲಿಲ್ಲ ಎಂಬುದು ಸತ್ಯ. ಹದಿನಾಲ್ಕು ವರ್ಷದ ಸಣಕಲು ಹುಡುಗಿ, ಹಣೆಯ ಮೇಲೆ ವಿಭೂತಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಇಪ್ಪತ್ತೆಂಟು ಹುಡುಗರು ತಿರುಗಿ ನೋಡುತ್ತಿದ್ದರು. ಎರಡು ಸಲ ಹಾಗಾದ ಮೇಲೆ ಆಕೆಯನ್ನು ಕೇಳುವುದನ್ನೇ ಬಿಟ್ಟೆ. ಅದನ್ನು ನಾನು ದಯೆ ಎಂದುಕೊಂಡಿದ್ದೆ.

ತೇಲುವುದು ಮುಳುಗುವುದು ಮತ್ತೆ ಬಂದದ್ದು ಅಜ್ಜಿಯಿಂದಲೇ. "ಮೇಷ್ಟ್ರೆ, ಜೊಳ್ಳು ಹಗುರ ಐತಿ, ತೇಲ್ತದ. ಒಪ್ಪಿದೆ. ಹರಿಗೋಲು ಹಗುರ ಏನು? ಹತ್ತು ಮಂದಿ ಕುಂತಿರ್ತಾರ, ಒಂದೆರಡು ಕುರಿ ಇರ್ತಾವ. ಅದ್ಯಾಕ ಮುಳುಗಲ್ಲ?"

ಉತ್ತರ ಗೊತ್ತಿತ್ತು, ಹೇಳಲು ನೋಡಿದೆ, ಮಾತು ತೊಡರಿತು. ಬೋರ್ಡಿನ ಮೇಲೆ ಹರಿಗೋಲಿನ ಚಿತ್ರ ಬರೆದೆ, ಅದು ಬೋಗುಣಿಯ ಹಾಗೆ ಕಂಡಿತು. ಕೊನೆಗೆ, ಈ ಶನಿವಾರ ಹಂಪಿಗೆ ಹೋಗಿ ಹೊಳೆಯಲ್ಲೇ ನೋಡೋಣ ಎಂದುಬಿಟ್ಟೆ. ಹೆಡ್‌ಮಾಸ್ಟರು ಒಪ್ಪಿದರು. ಹುಡುಗಿಯ ತಂದೆ ಒಪ್ಪಿದರೋ ಇಲ್ಲವೋ ನನಗೆ ತಿಳಿಯದು. ಶನಿವಾರ ಬೆಳಗ್ಗೆ ಶಾಲೆಯ ಮುಂದೆ ಗಿರಣಿಯ ಎತ್ತಿನ ಬಂಡಿ ನಿಂತಿತ್ತು, ಅದರಲ್ಲಿ ಅಜ್ಜಿ ಮತ್ತು ಮೊಮ್ಮಗಳು ಬುತ್ತಿಗಂಟಿನ ಜೊತೆ ಕುಳಿತಿದ್ದರು.

ಹುಡುಗರೂ ನಾನೂ ನಡೆದು ಹೋದೆವು. ಕಡ್ಡಿರಾಂಪುರದ ಹತ್ತಿರ ಬಂಡಿ ನಮ್ಮನ್ನು ಹಿಂದೆ ಹಾಕಿತು. ದಾರಿಯುದ್ದಕ್ಕೂ ಕಬ್ಬು ಎದೆಯೆತ್ತರ ನಿಂತಿತ್ತು, ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹಂಪಿಯ ಗುಡಿ ಗೋಪುರಗಳನ್ನು ನೋಡಿ ಬೆಳೆದ ಹುಡುಗರು ಅವುಗಳ ಕಡೆ ತಿರುಗಿಯೂ ನೋಡದೆ ಹೊಳೆಗೆ ಓಡಿದರು. ಮಳೆಗಾಲದ ಕೆಂಪು ನೀರು ಇಳಿದು, ಹೊಳೆ ತಿಳಿಯಾಗಿತ್ತು.

ದಡದಲ್ಲಿ ಒಂದು ತೊಗಲಿನ ಹರಿಗೋಲು ಖಾಲಿ ತೇಲುತ್ತಿತ್ತು. ಅಂಬಿಗನಿಗೆ ವಿಷಯ ಹೇಳಿದೆ. ಪಾಪ, ನಮ್ಮ ಹುಚ್ಚು ಆತನಿಗೆ ಅರ್ಥವಾಗಲಿಲ್ಲ, ಆದರೂ ಹರಿಗೋಲನ್ನು ಹಿಡಿದು ನಿಂತ. ನೀರು ಎಲ್ಲಿಯವರೆಗೆ ಇದೆ ಎಂದು ಗುರುತು ಮಾಡಲು ಸೀಮೆಸುಣ್ಣ ತಂದಿದ್ದೆ, ಒದ್ದೆ ತೊಗಲಿನ ಮೇಲೆ ಅದು ಹಿಡಿಯಲಿಲ್ಲ. ಅಜ್ಜಿ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು ಸುಣ್ಣದ ಡಬ್ಬಿ ಕೊಟ್ಟಳು. ಬೆರಳಿನಿಂದ ಗೆರೆ ಎಳೆದೆ. ಒಬ್ಬ ಹುಡುಗ ಹತ್ತಿದ, ಹರಿಗೋಲು ಅಷ್ಟು ಕೆಳಗಿಳಿಯಿತು. ಇನ್ನೊಂದು ಗೆರೆ. ಎರಡನೆಯವನು ಹತ್ತಿದ, ಇನ್ನೊಂದು ಗೆರೆ. ಹರಿಗೋಲು ಕೆಳಗೆ ಹೋದಷ್ಟೂ ನೀರನ್ನು ಪಕ್ಕಕ್ಕೆ ದಬ್ಬುತ್ತದೆ, ದಬ್ಬಿಸಿಕೊಂಡ ನೀರು ಎಷ್ಟು ತೂಕವೋ ಅಷ್ಟು ಭಾರವನ್ನು ಹೊಳೆ ಹೊರುತ್ತದೆ ಎಂದೆ. ಆರು ಮಂದಿ ಹತ್ತಿದ ಮೇಲೆ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಜ್ಜಿ, ನೀವು ಬ್ಯಾಡ," ಎಂದೆ.

"ಕೇಳಿದಾಕಿ ನಾನು," ಎಂದಳು. "ನನಗೊಂದು ಗೆರಿ ಬ್ಯಾಡೇನು?"

ಅಂಬಿಗ ಕೈಹಿಡಿದು ಹತ್ತಿಸಿದ. ಮಡಿಸಿದ ಕಂಬಳಿಯ ಮೇಲೆ ಕುಳಿತು, ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ನಾನು ಗೆರೆ ಎಳೆದೆ. ತನ್ನ ಹಿಂದಿನ ಗೆರೆಗೆ ಎಲ್ಲಕ್ಕಿಂತ ಹತ್ತಿರ ಬಿದ್ದದ್ದು ಅದೇ, ಆಕೆ ಅಷ್ಟು ಹಗುರ ಇದ್ದಳು. ಹುಡುಗರು ಅದನ್ನು ಬೆರಳಲ್ಲಿ ಅಳೆದು ನಕ್ಕರು, ಆಕೆಯೂ ನಕ್ಕಳು. ದಡದಲ್ಲಿ ನಿಂತ ಮೊಮ್ಮಗಳು ಮಾತ್ರ ನಗದೆ, ಗೆರೆಗಳನ್ನೇ ನೋಡುತ್ತಿದ್ದಳು.

ಸೋಮವಾರ ಹುಡುಗಿ ಬರಲಿಲ್ಲ, ಅಜ್ಜಿಯೂ ಬರಲಿಲ್ಲ. ಮಂಗಳವಾರ, ಬುಧವಾರವೂ ಇಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸುತ್ತಿದ್ದ ಜಾಗ ಬರಿದಾಗಿತ್ತು. ನಾನು ಪಾಠ ಮಾಡಿದೆ, ಆದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತಿದೆ ಎಂಬುದು ಗೊತ್ತಾಗಲಿಲ್ಲ. ಬುಧವಾರ ಎಮ್ಮಿಗನೂರಿನ ಹುಡುಗ ಎದ್ದು, "ಇವತ್ತು ಸ್ವಲ್ಪ ತಿಳೀಲಿಲ್ರಿ," ಎಂದ. ಅದು ನನಗೂ ಗೊತ್ತಾಗಿತ್ತು. ಊರಲ್ಲಿ ಏನೋ ಮಾತು ಎದ್ದಿರಬೇಕು, ದೊಡ್ಡ ಮನೆಯ ಹೆಣ್ಣುಮಗಳನ್ನು ಹೊಳೆದಡಕ್ಕೆ ಕರೆದೊಯ್ದದ್ದು ತಪ್ಪಾಯಿತು ಎಂದು ಮೂರು ದಿನ ಕೊರಗಿದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಗಿರಣಿಯ ಹಿಂದಿನ ಓಣಿಯಲ್ಲಿ ದೊಡ್ಡ ಕಟ್ಟೆಯ ಮನೆ. ಹುಡುಗಿಯ ತಂದೆ ಕಟ್ಟೆಯ ಮೇಲೆಯೇ ಕುಳಿತಿದ್ದರು. ಅಂಗಿಯ ತುಂಬ ತೌಡಿನ ಧೂಳು, ಹಣೆಯಲ್ಲಿ ಮೂರು ಬೆರಳು ವಿಭೂತಿ.

"ಬರ್ರಿ ಮೇಷ್ಟ್ರೆ, ಕುಂದ್ರಿ," ಎಂದರು. ಸಿಟ್ಟಿರಲಿಲ್ಲ. "ಅವ್ವನ ಕಾಲು ಉಳುಕೇತಿ. ಹರಿಗೋಲಿನಿಂದ ಇಳಿಯಾಗ ಕಲ್ಲಿನ ಮ್ಯಾಲೆ ಜಾರಿದ್ಲಂತ. ಯಾರಿಗೂ ಹೇಳಿಲ್ಲ. ಬಂಡಿಯಿಂದ ಇಳಿಯಾಕ ಆಗಲಾರದಾಗ ನಮಗ ಗೊತ್ತಾತು."

ತಪ್ಪು ನನ್ನದು, ಕ್ಷಮಿಸಬೇಕು ಎಂದೆ. ಒಳಗಿನಿಂದ ಅಜ್ಜಿಯ ಧ್ವನಿ ಬಂತು. "ಮೇಷ್ಟ್ರಿಗೆ ಏನೂ ಅನಬ್ಯಾಡ. ಹತ್ತಿದಾಕಿ ನಾನು, ಜಾರಿದಾಕಿ ನಾನು. ಒಳಗ ಕರಕೊಂಡು ಬಾ."

ಪಡಸಾಲೆಯ ಮಂಚದ ಮೇಲೆ ಅಜ್ಜಿ ಕಾಲು ಚಾಚಿ ಕುಳಿತಿದ್ದಳು. ಪಾದಕ್ಕೆ ಅರಿಸಿನ ಅರೆದು ಹಚ್ಚಿ ಬಟ್ಟೆ ಸುತ್ತಿದ್ದರು. ಹಾಲು ಬಂತು, ಕುಡಿದೆ. ಹುಡುಗಿಯ ತಂದೆ ಬಾಗಿಲಿಗೆ ಆನಿಕೊಂಡು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ವೈದ್ಯರು ಎರಡು ತಿಂಗಳು ನಡೀಬ್ಯಾಡ ಅಂದಾರ. ಅವ್ವ ಇಲ್ದ ಹುಡುಗಿ ಹೆಂಗ ಬರ್ತಾಳ? ಉಳಿದ ಹೆಂಗಸರಿಗೆ ಮನಿ ಕೆಲಸ. ಇಷ್ಟು ದಿನ ಕಲ್ತದ್ದೇ ಆತು."

ನಾನು ವಾದ ಮಾಡುವವನಲ್ಲ. ಅಜ್ಜಿ ಮಗನ ಮಾತು ಕೇಳಿಸದವಳ ಹಾಗೆ ನನ್ನ ಕಡೆ ತಿರುಗಿದಳು.

"ಹರಿಗೋಲು ಯಾಕ ಮುಳುಗಲ್ಲ ಅಂತ ನೀವು ಅವತ್ತು ಹೇಳಿದ್ದು ನನಗ ಅರ್ಧ ತಿಳೀತು ಮೇಷ್ಟ್ರೆ. ಉಳಿದ ಅರ್ಧ ಇಕಿ ಹೇಳಿದ್ಲು." ಅಡುಗೆಮನೆಯ ಕಡೆ ಕೂಗಿದಳು. "ಬಾರವ್ವ ಇಲ್ಲಿ. ಮೇಷ್ಟ್ರಿಗೆ ತೋರಿಸು."

ಹುಡುಗಿ ಬಂದಳು. ನನ್ನನ್ನು ನೋಡಿ ನಿಂತಳು. ಅಜ್ಜಿ ಮತ್ತೊಮ್ಮೆ, ತೋರಿಸು ಎಂದಳು. ಹುಡುಗಿ ಒಳಗೆ ಹೋಗಿ ಅಂಚಿನವರೆಗೆ ನೀರು ತುಂಬಿದ ಒಂದು ಪಾತ್ರೆಯನ್ನು ಪರಾತದ ಮೇಲೆ ಇಟ್ಟುಕೊಂಡು, ಒಂದು ಹನಿಯೂ ಚೆಲ್ಲದಂತೆ ಹೆಜ್ಜೆ ಇಡುತ್ತ ಬಂದಳು. ನೀರಿನ ಮೇಲೆ ಹಿತ್ತಾಳೆಯ ಬಟ್ಟಲೊಂದನ್ನು ತೇಲಿಬಿಟ್ಟಳು. ಸ್ವಲ್ಪ ನೀರು ಪರಾತಕ್ಕೆ ಚೆಲ್ಲಿತು. ಬಟ್ಟಲೊಳಗೆ ಬೇಳೆ ಹಾಕಿದಳು. ಇನ್ನಷ್ಟು ಚೆಲ್ಲಿತು. ಆಮೇಲೆ ತಕ್ಕಡಿ ತಂದಳು. ಒಂದು ಕಡೆ ಬೇಳೆಯ ಸಮೇತ ಬಟ್ಟಲು, ಇನ್ನೊಂದು ಕಡೆ ಅದಕ್ಕೆ ಜೋಡಿಯ ಬಟ್ಟಲೊಂದನ್ನು ಬರಿದಾಗಿಯೇ ಇಟ್ಟಳು. ಪರಾತಕ್ಕೆ ಚೆಲ್ಲಿದ್ದ ನೀರನ್ನು ಒಂದು ಚೊಂಬಿಗೆ ಬಗ್ಗಿಸಿಕೊಂಡಳು.

"ನೀರು ಹಾಕೋ ಬಟ್ಟಲದ ತೂಕ ಕಳೀಬೇಕಲ್ರಿ," ಎಂದಳು. ಸಣ್ಣ, ಅವಸರದ ಧ್ವನಿ. "ಅದಕ್ಕ ಬಟ್ಟಲದಷ್ಟೇ ತೂಕದ ಕಲ್ಲು ಬೇಳಿ ಕಡಿ ಹಾಕ್ಬೇಕು." ಸಣ್ಣ ಕಲ್ಲುಗಳ ಗಂಟೊಂದನ್ನು ಬೇಳೆಯ ಪಕ್ಕ ಇಟ್ಟಳು. ಆಮೇಲೆ ನೀರನ್ನು ಬರಿ ಬಟ್ಟಲಿಗೆ ಹೊಯ್ದಳು. ತಕ್ಕಡಿಯ ಮುಳ್ಳು ಅಲ್ಲಾಡಿ, ಹೆಚ್ಚುಕಡಿಮೆ ನಡುವೆ ಬಂದು ನಿಂತಿತು. "ಒಂದು ಸ್ವಲ್ಪ ಹೆಚ್ಚುಕಮ್ಮಿ ಆಗ್ತದ್ರಿ. ಪರಾತಕ್ಕ ನೀರು ಹತ್ತಿ ಉಳೀತದ."

ಆಕೆಯ ಧ್ವನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ಅಷ್ಟು ಮಂದಿ ಹುಡುಗರು, ಹರಿಗೋಲು, ಸುಣ್ಣದ ಗೆರೆ ಕಟ್ಟಿಕೊಂಡು ನಾನು ಅರ್ಧ ಹೇಳಿದ್ದನ್ನು ಆ ಹುಡುಗಿ ಅಡುಗೆಮನೆಯ ಸಾಮಾನಿನಲ್ಲಿ ಪೂರಾ ಮಾಡಿ ತೋರಿಸಿದ್ದಳು. ಇಷ್ಟು ವಾರ ನಾನು ಅಜ್ಜಿಯ ಕೈಯನ್ನೇ ನೋಡುತ್ತಿದ್ದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಯಾರು ಕುಳಿತಿದ್ದಾರೆ ಎಂದು ನೋಡಿರಲಿಲ್ಲ. ನಾಚಿಕೆಯಾಯಿತು.

ತಂದೆ ಬಾಗಿಲು ಬಿಟ್ಟು ತಕ್ಕಡಿಯ ಹತ್ತಿರ ಬಂದಿದ್ದರು. ಬದುಕೆಲ್ಲ ತೂಕದಲ್ಲೇ ಕಳೆದವರು. ಬಗ್ಗಿ ಮುಳ್ಳು ನೋಡಿದರು, ಕಲ್ಲಿನ ಗಂಟು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. "ಇದನ್ನ ಯಾರು ಹೇಳಿಕೊಟ್ರು ನಿನಗ?"

ತಾನೇ ಎಂದು ಹೇಳಲು ಹುಡುಗಿಗೆ ಬರಲಿಲ್ಲ.

"ಒಬ್ಬಾಕಿನ ಕಳಸಪ್ಪ," ಎಂದಳು ಅಜ್ಜಿ. "ದಿನಾ ಸಂಜಿಗೆ ಬಂದು ನನಗ ಪಾಠ ಒಪ್ಪಿಸ್ಲಿ. ಒಂದು ದಿನ ಒಪ್ಪಿಸ್ಲಿಲ್ಲಂದ್ರ ಬಿಡಿಸು."

"ಮಂದಿ ಏನಂತಾರ ಅವ್ವ?"

"ಮಂದಿ ಕೇಳಿದ್ರ ಅವರಿಗೂ ಹೇಳ್ತಾಳ ಬಿಡು. ಬೇಳಿ ಐತಿ, ಬಟ್ಟಲ ಐತಿ."

ಹುಡುಗಿಯ ತಂದೆ ನನ್ನನ್ನು ಓಣಿಯ ಕೊನೆಯವರೆಗೆ ಕಳಿಸಲು ಬಂದರು. ಅಲ್ಲಿ ನಿಂತು, ಎಷ್ಟು ಗಂಟೆಗೆ ಸಾಲಿ ಶುರು ಅಂತೀರಿ ಎಂದು ಕೇಳಿದರು. ಐದಾರು ತಿಂಗಳಿಂದ ಮಗಳನ್ನು ಕಳಿಸುತ್ತಿದ್ದವರಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಹತ್ತು ಗಂಟೆಗೆ ಎಂದೆ.

ಶುಕ್ರವಾರ ಹತ್ತಕ್ಕೆ ಹುಡುಗಿ ಒಬ್ಬಳೇ ಬಂದಳು. ತಂದೆ ರಸ್ತೆಯ ತಿರುವಿನವರೆಗೆ ಬಂದು ನಿಂತಿದ್ದರೆಂದು ಆಮೇಲೆ ಹುಡುಗರು ಹೇಳಿದರು. ಪಾಠದ ಕೊನೆಗೆ, ಯಾರಿಗಾದರೂ ಏನಾದರೂ ಕೇಳಬೇಕಾ ಎಂದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೈ ಮೇಲೆ ಹೋಯಿತು. ಹುಡುಗಿ ಎದ್ದು ನಿಂತು, ನೆಲ ನೋಡುತ್ತ, "ಅಜ್ಜಿ ಕೇಳ್ಯಾಳ್ರಿ," ಎಂದಳು. "ಬೆಳಿಗ್ಗೆ ಹುಲ್ಲಿನ ಮ್ಯಾಲೆ ಇಬ್ಬನಿ ಇರ್ತದಲ್ಲ, ಅದು ಮ್ಯಾಲಿಂದ ಬೀಳ್ತದೋ, ಕೆಳಗಿಂದ ಬರ್ತದೋ?"

ಹುಡುಗರು ತಿರುಗಿ ನೋಡಿದರು, ಆದರೆ ಅಜ್ಜಿಯ ಪ್ರಶ್ನೆ ಎಂದ ಮೇಲೆ ಅದರಲ್ಲಿ ನಗುವಂಥದ್ದೇನಿರಲಿಲ್ಲ. ಅಜ್ಜಿಯನ್ನು ಅವರೆಲ್ಲ ಬಲ್ಲರು. ನಾನು ಉತ್ತರ ಹೇಳಿದೆ. ಆಮೇಲೆ ದಿನಾ ಒಂದು ಪ್ರಶ್ನೆ ಬರತೊಡಗಿತು. ಅಜ್ಜಿ ಕೇಳ್ಯಾಳ್ರಿ, ನಸುಕಿನ್ಯಾಗ ರೈಲಿನ ಸಪ್ಪಳ ದೂರದಿಂದ ಕೇಳ್ತದ, ಮಧ್ಯಾಹ್ನ ಯಾಕ ಕೇಳಲ್ಲ? ಅಜ್ಜಿ ಕೇಳ್ಯಾಳ್ರಿ, ಸಂಡೂರು ಗುಡ್ಡದ ಮಣ್ಣು ಯಾಕ ಅಷ್ಟು ಕೆಂಪು? ಕೆಲವಕ್ಕೆ ಉತ್ತರ ಕೊಟ್ಟೆ, ಕೆಲವನ್ನು ಪುಸ್ತಕ ನೋಡಿ ಮಾರನೆಯ ದಿನ ಹೇಳಿದೆ. ಹುಡುಗರೂ ಕಾಯತೊಡಗಿದರು. ಒಮ್ಮೊಮ್ಮೆ ಅವರೇ, "ಅಜ್ಜಿ ಇವತ್ತು ಏನು ಕೇಳ್ಯಾಳ?" ಎಂದು ಹುಡುಗಿಯ ಕಡೆ ತಿರುಗುತ್ತಿದ್ದರು.

ಒಂದು ದಿನದ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ, ತಲೆ ಕೆಳಗೆ ಕಾಲು ಮೇಲೆ ಏಕೆ ಆಗುವುದಿಲ್ಲ? ಎರಡು ದಿನ ಯೋಚಿಸಿ ಹೇಗೋ ಒಂದು ಉತ್ತರ ಹೊಂದಿಸಿಕೊಂಡೆ. ಶನಿವಾರ ಸಂಜೆ ಅಜ್ಜಿಯ ಕಾಲು ಹೇಗಿದೆ ಎಂದು ನೋಡಲು ಹೋದವನು, ಅದನ್ನು ಆಕೆಗೇ ನೇರ ಹೇಳೋಣ ಎಂದುಕೊಂಡೆ.

"ಅಜ್ಜಿ, ನಿಮ್ಮ ಕನ್ನಡಿ ಪ್ರಶ್ನೆ ಭಾಳ ತ್ರಾಸು ಕೊಡ್ತು ನನಗ," ಎಂದೆ.

"ಯಾವ ಕನ್ನಡಿ?" ಎಂದಳು ಅಜ್ಜಿ. "ನಮ್ಮ ಯಜಮಾನ್ರು ಹೋದ ಮ್ಯಾಲೆ ನಾ ಕನ್ನಡಿ ನೋಡಿಲ್ಲ ಮೇಷ್ಟ್ರೆ."

ಅಡುಗೆಮನೆಯಲ್ಲಿ ಹುಡುಗಿ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಅಜ್ಜಿ ಆ ಕಡೆ ಒಮ್ಮೆ ನೋಡಿದಳು. ನನ್ನ ಮುಖ ನೋಡಿದಳು. ಅರ್ಥವಾಗಲು ಆಕೆಗೆ ಎಷ್ಟು ಹೊತ್ತು ಬೇಕು? ತುಟಿ ಬಿಗಿಹಿಡಿದು, ಎಲೆಯಡಿಕೆಯ ಚೀಲವನ್ನು ಹುಡುಕುವವಳ ಹಾಗೆ ಮಂಚದ ಮೇಲೆ ಕೈಯಾಡಿಸಿದಳು.

"ಹೌದೌದು, ಕೇಳಿದ್ದೆ, ಕೇಳಿದ್ದೆ," ಎಂದಳು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ. "ವಯಸ್ಸಾತಲ್ಲ, ಮರೆವು ಬಂದೈತಿ. ಏನು ಉತ್ತರ, ಹೇಳ್ರಿ ಕೇಳ್ತೀನಿ."

ನಾನು ಹೇಳಿದೆ. ಆಕೆ ಪೂರಾ ಕೇಳಿದಳು, ನಡುವೆ ಎರಡು ಕಡೆ ಅಡ್ಡ ಪ್ರಶ್ನೆಯನ್ನೂ ಹಾಕಿದಳು. ಪಾತ್ರೆಯ ಸದ್ದು ಮತ್ತೆ ಶುರುವಾದದ್ದು ಬಹಳ ಹೊತ್ತಿನ ಮೇಲೆ. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, ಮೆಲ್ಲಗೆ, "ಕೇಳ್ಕೊಂಡು ಹೋಗ್ಲಿ ಬಿಡ್ರಿ, ನನ್ನ ಹೆಸರಿನ್ಯಾಗ," ಎಂದಳು. ನಾನು ತಲೆಯಾಡಿಸಿದೆ. ಯಾರಿಗೂ ಹೇಳಲಿಲ್ಲ, ಹೆಡ್‌ಮಾಸ್ಟರಿಗೂ ಹೇಳಲಿಲ್ಲ.

ಅಜ್ಜಿಯ ಕಾಲು ಮೊದಲಿನ ಹಾಗೆ ಆಗಲಿಲ್ಲ. ಕೋಲು ಹಿಡಿದು ಮನೆಯಲ್ಲಿ ಓಡಾಡಿದಳು, ಶಾಲೆಗೆ ಮತ್ತೆ ಬರಲಿಲ್ಲ. ಹುಡುಗಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು, ಕಾಲೇಜಿಗೆ ಹೋಗಲಿಲ್ಲ, ಅಷ್ಟು ದೂರದ ಮಾತು ಆ ಮನೆಯಲ್ಲಿ ಆಗ ಬರಲಿಲ್ಲ. ಎಮ್ಮಿಗನೂರಿನ ಒಂದು ಮನೆತನಕ್ಕೆ ಮದುವೆಯಾಗಿ ಹೋದಳು. ಅದಕ್ಕೆ ಮುಂಚೆಯೇ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಕನ್ನಡದಲ್ಲಿ ಪಾಠ ಮಾಡುವುದು ಆಮೇಲೆ ಎಂದೂ ನನಗೆ ಕಷ್ಟವೆನಿಸಲಿಲ್ಲ.

ಹೊಸಪೇಟೆಯ ಆ ಮೊದಲ ವರ್ಷವೇ, ಸಂಕ್ರಾಂತಿಗೆ ಒಂದು ವಾರ ಇರುವಾಗ, ಶನಿವಾರದ ಅರ್ಧ ದಿನದ ಶಾಲೆ. ಕರಗುವುದರ ಬಗ್ಗೆ ಪಾಠ ಮಾಡುತ್ತಿದ್ದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕದಡಿದೆ. ಚಮಚ ತೆಗೆಯುತ್ತಿರುವಾಗಲೇ, ನಾನು ಕೇಳುವ ಮುಂಚೆ, ಬಾಗಿಲ ಪಕ್ಕದ ಬೆಂಚಿನಿಂದ ಹುಡುಗಿ, ಕೂತಲ್ಲಿಂದಲೇ, "ಉಪ್ಪು ಕರಗಿದ ಮ್ಯಾಲೆ ನೀರು ಅಷ್ಟೇನು ಏರಲಿಲ್ಲಲ್ರಿ. ಅದು ಯಾವ ಜಾಗದಾಗ ಹೋಗಿ ಕುಂತಿತು?" ಎಂದಳು.

ಅಜ್ಜಿ ಕೇಳ್ಯಾಳ್ರಿ ಎಂಬ ಮಾತೇ ಬರಲಿಲ್ಲ. ಹುಡುಗಿಗೂ ಅದು ತಿಳಿದಂತೆ ಕಾಣಲಿಲ್ಲ. ಕತ್ತು ಚಾಚಿ ಲೋಟವನ್ನೇ ನೋಡುತ್ತಿದ್ದಳು. ಹುಡುಗರೂ ಲೋಟವನ್ನೇ ನೋಡುತ್ತಿದ್ದರು, ಆಕೆಯ ಕಡೆ ಒಬ್ಬನೂ ತಿರುಗಲಿಲ್ಲ.

ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ನಿಜ, ಹೆಚ್ಚೇನೂ ಏರಿರಲಿಲ್ಲ.

"ನನಗೂ ಸರಿಯಾಗಿ ಗೊತ್ತಿಲ್ಲವ್ವ," ಎಂದೆ. "ಓದಿ ನಾಳೆ ಹೇಳ್ತೀನಿ."

"ನಾಳೆ ಐತವಾರ್ರಿ," ಎಂದ ಹಿಂದಿನ ಬೆಂಚಿನ ಎ‌ಮ್ಮಿಗನೂರಿನ ಹುಡುಗ.

"ಹಂಗಾದ್ರ ಸೋಮವಾರ," ಎಂದೆ.